ಡಾ. ಬಿ.ಜಿ.ಎಲ್. ಸ್ವಾಮಿ: ಒಬ್ಬ ಸಸ್ಯವಿಜ್ಞಾನಿಯ ಸಂಶೋಧನೆ ಮತ್ತು ಅದರ ಉಲ್ಲೇಖಗಳ ಲೆಕ್ಕ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ (1918–1980) ಅವರನ್ನು ಕನ್ನಡಿಗರು ಬಲ್ಲದ್ದು 'ಹಸುರು ಹೊನ್ನು' ಕೃತಿಯ ಕರ್ತೃವಾಗಿ, 'ಕಾಲೇಜು ರಂಗ'ದ ವಿನೋದಕಾರರಾಗಿ, ಡಿ.ವಿ. ಗುಂಡಪ್ಪನವರ ಸುಪುತ್ರರಾಗಿ. ಪುಟ್ಟಣ್ಣ ಕಣಗಾಲರು 1976ರಲ್ಲಿ 'ಕಾಲೇಜು ರಂಗ'ವನ್ನು ಚಲನಚಿತ್ರ ಮಾಡಿದ ಮೇಲೆ, ಪುಸ್ತಕ ಓದದವರಿಗೂ ಆ ಹೆಸರು ಪರಿಚಯವಾಯಿತು. ಆದರೆ ಹೂಬಿಡುವ ಸಸ್ಯಗಳ ಉಗಮವನ್ನು ಅಧ್ಯಯನ ಮಾಡುವ ಜಗತ್ತಿನ ವಿದ್ವಾಂಸರಿಗೆ ಈ ಯಾವ ಸಂಗತಿಯೂ ತಿಳಿಯದು. ಅವರ ಪಾಲಿಗೆ ಸ್ವಾಮಿ ಎಂದರೆ ಪ್ರಬಂಧದ ನಡುವೆ ಆವರಣದೊಳಗೆ ಕಾಣಿಸಿಕೊಳ್ಳುವ ಒಂದು ಹೆಸರು ಮತ್ತು ಒಂದು ಇಸವಿ: 'ಸ್ವಾಮಿ, 1949', 'ಬೇಲಿ ಮತ್ತು ಸ್ವಾಮಿ, 1951'.

ಈ ಎರಡನೆಯ ಸ್ವಾಮಿಯವರನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಬರೆಯುತ್ತಿರುವವನು ಸಸ್ಯಶಾಸ್ತ್ರ ಓದಿದವನಲ್ಲ. ಕಲಾ ಪದವಿ ಪಡೆದು ಬ್ಯಾಂಕಿನ ಲೆಡ್ಜರುಗಳ ನಡುವೆ ಆಯುಷ್ಯ ಕಳೆದವನು. ಆದರೂ ಲೆಕ್ಕ ಎಂಬ ಪದ ಎಲ್ಲಿ ಬಂದರೂ ಕಿವಿ ನಿಮಿರುವ ಅಭ್ಯಾಸವಿದೆ. ಇಂದು ವಿಜ್ಞಾನಿಗಳ ಯೋಗ್ಯತೆಯನ್ನು, ಅವರ ಪ್ರಬಂಧಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಸಂಖ್ಯೆಯಿಂದ ಅಳೆಯುವ ರೂಢಿ ಬಲವಾಗಿದೆ. ನಮ್ಮ ಮನೆಗಳ ಮಕ್ಕಳೇ ಪಿಎಚ್.ಡಿ. ಪ್ರವೇಶಕ್ಕೂ ನೌಕರಿಗೂ ಅರ್ಜಿ ಹಾಕುವಾಗ ಈ ಸಂಖ್ಯೆಯನ್ನು ನಮೂದಿಸುತ್ತಾರೆ. ಆ ಸಂಖ್ಯೆಯ ಒಳಗೆ ಏನಿದೆ, ಏನಿಲ್ಲ ಎಂಬುದನ್ನು ನೋಡಲು ಸ್ವಾಮಿಯವರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋರಲಿಲ್ಲ.

ಆರ್ಕಿಡ್ಡಿನ ಬೀಜದೊಳಗೆ

ಸ್ವಾಮಿಯವರು ಜನಿಸಿದ್ದು 1918ರ ಫೆಬ್ರವರಿ 5ರಂದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿ ಪಡೆದರು. ಅವರು ಆರಿಸಿಕೊಂಡ ಕ್ಷೇತ್ರ ಸಸ್ಯ ಭ್ರೂಣಶಾಸ್ತ್ರ. ಹೂವಿನೊಳಗೆ ಗರ್ಭ ಕಟ್ಟುವುದರಿಂದ ಹಿಡಿದು ಬೀಜ ಬಲಿಯುವವರೆಗೆ ನಡೆಯುವ ಬೆಳವಣಿಗೆಯನ್ನು ಹಂತಹಂತವಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸುವ ವಿದ್ಯೆ ಇದು. ಹೂವಿನ ಅಂಡಾಶಯವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣ ಹಾಕಿ, ಗಾಜಿನ ಪಟ್ಟಿಕೆಯ ಮೇಲಿಟ್ಟು ಒಂದೊಂದನ್ನೂ ನೋಡಬೇಕು. ದುಬಾರಿ ಯಂತ್ರಗಳು ಬೇಡ. ತಾಳ್ಮೆ, ಕಣ್ಣು ಮತ್ತು ಚಿತ್ರ ಬರೆಯುವ ಕೈ ಬೇಕು. ಸ್ವಾಮಿಯವರಿಗೆ ಮೂರೂ ಇದ್ದವು.

ಅವರ ಮೊದಲ ದೊಡ್ಡ ವಿಷಯ ಆರ್ಕಿಡ್ ಕುಟುಂಬ. ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆದು ಮುಡಿಯುವ ಹೂವು ಈ ಕುಟುಂಬದ್ದೇ. ಐಸ್‌ಕ್ರೀಮಿನ ವೆನಿಲ್ಲಾ ಕೂಡ ಇದೇ ಕುಟುಂಬದ ಬಳ್ಳಿಯ ಕಾಯಿ. ಈ ಗಿಡಗಳ ಬೀಜಗಳು ಧೂಳಿನಷ್ಟು ಸಣ್ಣವು. ಅವರೆಕಾಳನ್ನು ನೆನೆಸಿ ಹಿತುಕಿದರೆ ಎರಡು ಬೇಳೆಗಳು ಬೇರೆಯಾಗುತ್ತವಲ್ಲ, ಮುಂದಿನ ಗಿಡಕ್ಕೆ ತಾಯಿ ಕಟ್ಟಿಕೊಟ್ಟ ಅಂತಹ ಬುತ್ತಿ ಆರ್ಕಿಡ್ಡಿನ ಬೀಜದಲ್ಲಿ ಇಲ್ಲ. ಬಲಿತ ಬೀಜದಲ್ಲೂ ಭ್ರೂಣವು ಬೇರು, ಕಾಂಡ, ಎಲೆ ಎಂಬ ಭೇದವಿಲ್ಲದ ಕೋಶಗಳ ಒಂದು ಮುದ್ದೆ. ಮೊಳೆಯಬೇಕಾದರೆ ಮಣ್ಣಿನಲ್ಲೋ ಮರದ ತೊಗಟೆಯಲ್ಲೋ ಇರುವ ಶಿಲೀಂಧ್ರದ ನೆರವು ಬೇಕು. ಹೀಗಿರುವಾಗ ಬೀಜ ಬಲಿಯುವವರೆಗೆ ಭ್ರೂಣಕ್ಕೆ ಆಹಾರ ಹೇಗೆ ಸಿಗುತ್ತದೆ ಎಂಬುದು ಪ್ರಶ್ನೆ. ಅದಕ್ಕೆ ಒಂದು ಉತ್ತರ ಭ್ರೂಣದ ಬುಡದಲ್ಲಿ ಬೆಳೆಯುವ ತೊಟ್ಟಿನಂತಹ ಅಂಗ. ಇದಕ್ಕೆ ಸಸ್ಪೆನ್ಸರ್ ಎನ್ನುತ್ತಾರೆ. ಕೆಲವು ಆರ್ಕಿಡ್‌ಗಳಲ್ಲಿ ಈ ತೊಟ್ಟು ಉದ್ದಕ್ಕೆ ಚಾಚಿ ಸುತ್ತಲಿನ ತಾಯಿ ಅಂಗಾಂಶದಿಂದ ಆಹಾರ ಹೀರುತ್ತದೆ. ಕೆಲವುಗಳಲ್ಲಿ ಅದು ಇಲ್ಲವೇ ಇಲ್ಲ.

1942ರಲ್ಲಿ ಸಿಂಬಿಡಿಯಂ ಎಂಬ ಆರ್ಕಿಡ್ಡಿನ ಮೇಲೆ, 1947ರಲ್ಲಿ ವೆನಿಲ್ಲಾದ ಜೀವನಚರಿತ್ರೆಯ ಮೇಲೆ, ಹೀಗೆ ಬಿಡಿಬಿಡಿಯಾಗಿ ಪ್ರಕಟಿಸುತ್ತ ಬಂದ ಸ್ವಾಮಿಯವರು 1949ರಲ್ಲಿ 'ಅಮೆರಿಕನ್ ಮಿಡ್‌ಲ್ಯಾಂಡ್ ನ್ಯಾಚುರಲಿಸ್ಟ್' ಪತ್ರಿಕೆಯಲ್ಲಿ ಎರಡು ಭಾಗಗಳ ಪ್ರಬಂಧವೊಂದನ್ನು ಪ್ರಕಟಿಸಿದರು. ಮೊದಲ ಭಾಗ ಗರ್ಭಕೋಶದ ಬೆಳವಣಿಗೆಯನ್ನು ಕುರಿತದ್ದು, ಎರಡನೆಯದು ಭ್ರೂಣದ್ದು. ಸಸ್ಪೆನ್ಸರ್ ಇದೆಯೇ, ಇದ್ದರೆ ಹೇಗೆ ಬೆಳೆಯುತ್ತದೆ, ಮೊದಲ ಕೆಲವು ಕೋಶವಿಭಜನೆಗಳು ಯಾವ ಕ್ರಮದಲ್ಲಿ ನಡೆಯುತ್ತವೆ ಎಂಬ ಆಧಾರದ ಮೇಲೆ ಆರ್ಕಿಡ್ ಭ್ರೂಣಗಳನ್ನು ವರ್ಗೀಕರಿಸಿದ ಕೆಲಸ ಇದು. ಆರ್ಕಿಡ್ ಬೀಜದ ಬೆಳವಣಿಗೆಯನ್ನು ಕುರಿತು ಇಂದು ಬರೆಯುವವರೂ ಈ ಪ್ರಬಂಧವನ್ನು ಹೆಸರಿಸದೆ ಮುಂದೆ ಹೋಗುವುದು ಅಪರೂಪ. ಸ್ವಾಮಿಯವರ ಒಟ್ಟು ಸಂಶೋಧನೆಯಲ್ಲಿ ತೀರ ಸ್ವಂತದ್ದು ಎನ್ನಬಹುದಾದ ಭಾಗ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುವೆ. ಇಲ್ಲಿ ಹಿರಿಯ ಸಹಲೇಖಕರಿಲ್ಲ, ಪ್ರಸಿದ್ಧ ಪ್ರಯೋಗಾಲಯದ ಮುದ್ರೆಯ ಬಲವೂ ಕಡಿಮೆ. ನಮ್ಮ ಕಾಡುಗಳ ಹೂವುಗಳೊಡನೆ ವರ್ಷಗಟ್ಟಲೆ ಕೂತ ಫಲ ಅದು.

ಬೇಲಿ ಮತ್ತು ಸ್ವಾಮಿ

ನಲವತ್ತರ ದಶಕದ ಕೊನೆಯಲ್ಲಿ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಇರ್ವಿಂಗ್ ವಿಡ್ಮರ್ ಬೇಲಿ (1884–1967) ಅವರೊಡನೆ ಕೆಲಸ ಮಾಡಿದರು. ಆ ದಿನಗಳ ಅನುಭವವೇ 'ಅಮೆರಿಕದಲ್ಲಿ ನಾನು' ಎಂಬ ಕೃತಿಯಾಯಿತು. ಬೇಲಿಯವರು ಮರದ ಒಳರಚನೆಯ ವಿಷಯದಲ್ಲಿ ಆ ಕಾಲದ ಅಗ್ರಗಣ್ಯರು. ಹೂಬಿಡುವ ಸಸ್ಯಗಳಲ್ಲಿ ಅತಿ ಪ್ರಾಚೀನ ಲಕ್ಷಣಗಳನ್ನು ಉಳಿಸಿಕೊಂಡಿರುವುವು ಯಾವುವು ಎಂಬ ಪ್ರಶ್ನೆ ಅವರನ್ನು ಹಿಡಿದಿತ್ತು. ಡಾರ್ವಿನ್ನನನ್ನೂ ಕಾಡಿದ ಪ್ರಶ್ನೆ ಅದು.

ಅವರ ವಾದ ತಿಳಿಯಬೇಕಾದರೆ ಮರದೊಳಗೆ ನೀರು ಏರುವ ಬಗೆಯನ್ನು ಸ್ವಲ್ಪ ನೋಡಬೇಕು. ಪೈನ್ ಮೊದಲಾದ ಮರಗಳಲ್ಲಿ ನೀರು ಸಾಗಿಸುವ ಕೋಶಗಳ ಎರಡು ತುದಿಯೂ ಮುಚ್ಚಿರುತ್ತದೆ. ನೀರು ಪಕ್ಕದ ಸಣ್ಣ ಗುಂಡಿಗಳ ತೆಳುಪೊರೆಯ ಮೂಲಕ ಒಂದರಿಂದ ಇನ್ನೊಂದಕ್ಕೆ ಜಿನುಗಬೇಕು. ಮಾವು, ಹಲಸು ಮುಂತಾದ ಹೂಬಿಡುವ ಮರಗಳಲ್ಲಿ ಸಾಲುಗೂಡಿದ ಕೋಶಗಳ ತುದಿಗಳು ತೆರೆದುಕೊಂಡು ಉದ್ದನೆಯ ನಾಳವಾಗಿರುತ್ತವೆ. ಮೊದಲನೆಯದು ಗಂಟು ಹಾಗೆಯೇ ಇರುವ ಬಿದಿರಿನಂತೆ, ಎರಡನೆಯದು ಗಂಟು ಕೊರೆದು ನೀರಿಗೆ ಕೊಳವೆ ಮಾಡಿಕೊಂಡ ಬಿದಿರಿನಂತೆ. ಹೂಬಿಡುವ ಗಿಡವಾಗಿದ್ದೂ ನಾಳಗಳೇ ಇಲ್ಲದವು ಬೆರಳೆಣಿಕೆಯಷ್ಟಿವೆ. ಇವು ಹಳೆಯ ಕಾಲದ ಪಳೆಯುಳಿಕೆಗಳಿರಬೇಕು ಎಂಬುದು ಬೇಲಿಯವರ ತರ್ಕ.

1948ರಲ್ಲಿ ಇವರಿಬ್ಬರೂ ಅಂಬೊರೆಲ್ಲಾ ಎಂಬ ಸಣ್ಣ ಮರವನ್ನು ಕುರಿತು 'ಜರ್ನಲ್ ಆಫ್ ದಿ ಆರ್ನಾಲ್ಡ್ ಆರ್ಬೊರೀಟಂ' ಪತ್ರಿಕೆಯಲ್ಲಿ ಹತ್ತು ಪುಟಗಳ ಪ್ರಬಂಧ ಬರೆದರು. ಜಗತ್ತಿನಲ್ಲಿ ಈ ಮರ ಸ್ವಾಭಾವಿಕವಾಗಿ ಬೆಳೆಯುವುದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ. ಅದುವರೆಗೆ ಅದನ್ನು ಮೊನಿಮಿಯೇಸಿ ಎಂಬ ಕುಟುಂಬದಲ್ಲಿ ಸೇರಿಸುತ್ತಿದ್ದರು. ಇದರ ಮರದಲ್ಲಿ ನಾಳಗಳಿಲ್ಲ, ರಚನೆಯ ದೃಷ್ಟಿಯಿಂದ ಇದೊಂದು ಹೊಸ ಮಾದರಿ ಎಂದು ಬೇಲಿ ಮತ್ತು ಸ್ವಾಮಿ ತೋರಿಸಿದರು. ಅದೇ ವರ್ಷ ಪಿಶೋಂ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಅಂಬೊರೆಲ್ಲಾಕ್ಕೆ ಪ್ರತ್ಯೇಕ ಕುಟುಂಬವನ್ನೇ ಮಾಡಿಕೊಟ್ಟರು. ಮರುವರ್ಷ ಬೇಲಿ ಮತ್ತು ಸ್ವಾಮಿ ಆಸ್ಟ್ರೇಲಿಯಾದ ಆಸ್ಟ್ರೋಬೇಲಿಯಾ ಎಂಬ ಬಳ್ಳಿಯನ್ನು ಕುರಿತು ಬರೆದರು. 1949ರಲ್ಲೇ ಸ್ವಾಮಿಯವರು ಒಬ್ಬರೇ ಫಿಜಿ ದ್ವೀಪದ ಡಿಜೆನೇರಿಯಾ ಮರದ ಮೇಲೆ ದೀರ್ಘ ಪ್ರಬಂಧ ಪ್ರಕಟಿಸಿದರು. 1942ರಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾಗಿದ್ದ ಈ ಮರದ ಭ್ರೂಣದಲ್ಲಿ ಎರಡಕ್ಕೆ ಬದಲಾಗಿ ಮೂರೋ ನಾಲ್ಕೋ ಬೀಜದಳಗಳಿರುವುದನ್ನು ಅವರು ವಿವರಿಸಿದರು. ದ್ವಿದಳ, ಏಕದಳ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ಇಲ್ಲಿ ಲೇಖಕರ ಹೆಸರಿನ ಕ್ರಮವನ್ನೂ ಗಮನಿಸುವುದು ಒಳ್ಳೆಯದು. ಅಂಬೊರೆಲ್ಲಾ, ಆಸ್ಟ್ರೋಬೇಲಿಯಾ ಪ್ರಬಂಧಗಳಲ್ಲಿ ಮೊದಲ ಹೆಸರು ಬೇಲಿಯವರದು. 1949ರ ಸರ್ಸಿಡಿಫಿಲಂ ಮತ್ತು 1950ರ ಸಾರ್ಕಾಂಡ್ರಾ ಪ್ರಬಂಧಗಳಲ್ಲಿ ಮೊದಲ ಹೆಸರು ಸ್ವಾಮಿಯವರದು. ಆಗ ಬೇಲಿಯವರಿಗೆ ಅರವತ್ತೈದು ದಾಟಿತ್ತು, ಸ್ವಾಮಿಯವರಿಗೆ ಇನ್ನೂ ಮೂವತ್ತೆರಡು. ಬೇರೆ ದೇಶದಿಂದ ಬಂದ ಕಿರಿಯನ ಹೆಸರನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವುದು ಎಲ್ಲ ಹಿರಿಯರಿಗೂ ಸಾಧ್ಯವಾಗುವ ಔದಾರ್ಯವಲ್ಲ. ಸ್ವಾಮಿಯವರು ಈ ಋಣವನ್ನು ತಮ್ಮದೇ ರೀತಿಯಲ್ಲಿ ತೀರಿಸಿದರು. ದಕ್ಷಿಣ ಭಾರತದಲ್ಲಿ ಕಂಡ ಸಾರ್ಕಾಂಡ್ರಾ ಗಿಡವೊಂದನ್ನು 1953ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ಸಾರ್ಕಾಂಡ್ರಾ ಇರ್ವಿಂಗ್‌ಬೇಲಿಯೈ ಎಂದು ಗುರುವಿನ ಪೂರ್ತಿ ಹೆಸರನ್ನೇ ಇಟ್ಟರು. ಅದೇ ಕುಟುಂಬದ ಇನ್ನೊಂದು ಗಿಡಕ್ಕೆ ದೆಹಲಿಯ ಪ್ರೊಫೆಸರ್ ಪಂಚಾನನ ಮಾಹೇಶ್ವರಿಯವರ ಹೆಸರನ್ನಿಟ್ಟು ಅಸ್ಕರೀನಾ ಮಾಹೇಶ್ವರಿಯೈ ಎಂದು ಕರೆದರು. ಭಾರತದಲ್ಲಿ ಸಸ್ಯ ಭ್ರೂಣಶಾಸ್ತ್ರಕ್ಕೆ ದೊಡ್ಡ ನೆಲೆ ಕಟ್ಟಿದವರು ಮಾಹೇಶ್ವರಿ. ಅವರ 1950ರ ಪಠ್ಯಗ್ರಂಥವನ್ನು ಲೋಕವೆಲ್ಲ ಓದಿತು, ಅದರಲ್ಲಿ ಸ್ವಾಮಿಯವರ ಕೆಲಸದ ಉಲ್ಲೇಖವೂ ಇದೆ.

ಮಡಿಸಿದ ಎಲೆ

1951ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಬಾಟನಿ'ಯಲ್ಲಿ ಬೇಲಿ ಮತ್ತು ಸ್ವಾಮಿ ಪ್ರಕಟಿಸಿದ ಏಳು ಪುಟಗಳ ಪ್ರಬಂಧ ಈ ಜೋಡಿಯ ಎಲ್ಲ ಬರಹಗಳಿಗಿಂತ ಹೆಚ್ಚು ಚರ್ಚೆ ಎಬ್ಬಿಸಿತು ಎನ್ನಬಹುದು. ವಿಷಯ ಕಾರ್ಪೆಲ್, ಅಂದರೆ ಹೂವಿನಲ್ಲಿ ಮುಂದೆ ಕಾಯಾಗುವ ಕೋಶ. ಬೀಜವನ್ನು ಹೀಗೆ ಮುಚ್ಚಿದ ಕೋಶದೊಳಗೆ ಇಟ್ಟು ಕಾಪಾಡುವುದೇ ಹೂಬಿಡುವ ಸಸ್ಯಗಳ ವಿಶೇಷ. ಪೈನ್ ಮರದ ಬೀಜ ಹುರುಪೆಯ ಮೇಲೆ ಬಯಲಾಗಿ ಕೂತಿರುತ್ತದೆ. ಹಾಗಾದರೆ ಈ ಕೋಶ ಮೊದಲು ಹುಟ್ಟಿದ್ದು ಹೇಗೆ?

ಡಿಜೆನೇರಿಯಾ ಮತ್ತು ಡ್ರಿಮಿಸ್ ಜಾತಿಯ ಹೂವುಗಳನ್ನು ಮುಂದಿಟ್ಟುಕೊಂಡು ಇವರು ಕೊಟ್ಟ ಉತ್ತರ ಸರಳವೂ ಸುಂದರವೂ ಆಗಿತ್ತು. ವೀಳ್ಯದೆಲೆಯನ್ನು ನಡುನರದ ಗುಂಟ ಎರಡಾಗಿ ಮಡಿಸಿದರೆ ಹೇಗಿರುತ್ತದೆಯೋ, ಮೂಲ ಕಾರ್ಪೆಲ್ ಹಾಗಿತ್ತು. ಅಂಚುಗಳು ಇನ್ನೂ ಬೆಸೆದುಕೊಂಡಿರಲಿಲ್ಲ. ಪರಾಗವನ್ನು ಹಿಡಿಯುವ ಭಾಗ ಆ ಅಂಚುಗಳ ಉದ್ದಕ್ಕೂ ಹರಡಿತ್ತು. ಕಾಲಕ್ರಮದಲ್ಲಿ ಅಂಚುಗಳು ಕೂಡಿಕೊಂಡು, ಪರಾಗ ಹಿಡಿಯುವ ಭಾಗ ತುದಿಗೆ ಸರಿದು, ಇಂದಿನ ಹೂವುಗಳಲ್ಲಿ ಕಾಣುವ ರೂಪ ಬಂತು. ಈ ಚಿತ್ರ ಹಲವು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನೆಲೆಸಿತು. ನಮ್ಮ ಮಕ್ಕಳು ಪದವಿ ತರಗತಿಯಲ್ಲಿ ಓದಿದ್ದೂ ಬಹುಮಟ್ಟಿಗೆ ಇದನ್ನೇ.

ಮದರಾಸಿನ ಕಾಲ

ಭಾರತಕ್ಕೆ ಮರಳಿದ ಸ್ವಾಮಿಯವರು ಐವತ್ತರ ದಶಕದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, ಮುಂದೆ ಪ್ರಿನ್ಸಿಪಾಲರೂ ಆದರು. ಹೊರನಾಡಿನಲ್ಲಿ ನೆಲೆಸಿ ದುಡಿದ ಕನ್ನಡಿಗರ ಸಾಲಿಗೆ ಅವರೂ ಸೇರುವುದು ಹೀಗೆ. 'ತಮಿಳು ತಲೆಗಳ ನಡುವೆ' ಎಂಬ ಶೀರ್ಷಿಕೆಯೇ ಆ ವಾಸದ ಸವಿಕಹಿಗಳನ್ನು ಸಾರುತ್ತದೆ.

1953ರಲ್ಲಿ ಸಾರ್ಕಾಂಡ್ರಾದ ಕುಟುಂಬವಾದ ಕ್ಲೋರಾಂಥೇಸಿಯನ್ನು ಕುರಿತು ಅವರ ಸಮಗ್ರ ಅಧ್ಯಯನ ಆರ್ನಾಲ್ಡ್ ಆರ್ಬೊರೀಟಂ ಪತ್ರಿಕೆಯಲ್ಲಿ ಪ್ರಕಟವಾಯಿತು. ಮದರಾಸಿನಲ್ಲಿ ವಿದ್ಯಾರ್ಥಿಗಳೊಡನೆ ಮಾಡಿದ ಕೆಲಸಗಳಲ್ಲಿ ಎದ್ದು ಕಾಣುವುದು ಎನ್. ಪರಮೇಶ್ವರನ್ ಅವರೊಡನೆ 1963ರಲ್ಲಿ 'ಬಯಾಲಾಜಿಕಲ್ ರಿವ್ಯೂಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಐವತ್ತು ಪುಟಗಳ ವಿಮರ್ಶೆ. ವಿಷಯ ಎಂಡೋಸ್ಪರ್ಮ್, ಅಂದರೆ ಭ್ರೂಣಕ್ಕೆ ಉಣಿಸಾಗುವ ಅಂಗಾಂಶ. ತೆಂಗಿನಕಾಯಿಯ ನೀರು ಮತ್ತು ಕೊಬ್ಬರಿ ಎರಡೂ ಎಂಡೋಸ್ಪರ್ಮೇ. ಎಳನೀರಿನ ಹಂತದಲ್ಲಿ ಕೋಶಗೋಡೆಗಳಿಲ್ಲದೆ ಕೋಶಕೇಂದ್ರಗಳು ದ್ರವದಲ್ಲಿ ತೇಲುತ್ತವೆ, ಮುಂದೆ ಗೋಡೆಗಳು ಕಟ್ಟಿಕೊಂಡು ತಿರುಳಾಗುತ್ತದೆ. ಇದಲ್ಲದೆ, ಮೊದಲ ವಿಭಜನೆಯಲ್ಲೇ ಗೋಡೆ ಎದ್ದು ಒಂದು ದೊಡ್ಡ ಕೋಣೆ, ಒಂದು ಸಣ್ಣ ಕೋಣೆಯಾಗುವ ಹಿಲೋಬಿಯಲ್ ಎಂಬ ಬಗೆಯೂ ಉಂಟು. ಇದು ಎಲ್ಲೆಲ್ಲಿ ನಿಜವಾಗಿ ಇದೆ, ಎಲ್ಲೆಲ್ಲಿ ತಪ್ಪಾಗಿ ದಾಖಲಾಗಿದೆ ಎಂದು ಹಿಂದಿನವರು ಬರೆದುದನ್ನೆಲ್ಲ ಜಾಲಾಡಿಸಿ, ಇದು ಏಕದಳ ಸಸ್ಯಗಳಿಗೆ ಸೇರಿದ ಲಕ್ಷಣ ಎಂಬ ನಿಲುವಿಗೆ ಬಂದರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಲೆಕ್ಕಪರಿಶೋಧನೆ. ಹೊಸ ಗಿಡ ಕಂಡುಹಿಡಿದ ಸುದ್ದಿಯಷ್ಟು ರೋಚಕವಲ್ಲ, ಆದರೆ ಮುಂದಿನವರ ದಾರಿ ಇದರಿಂದಲೇ ಸುಗಮವಾಗುವುದು. ಕೆ.ವಿ. ಕೃಷ್ಣಮೂರ್ತಿಯವರೊಡನೆ ಬರೆದ, ಹೂವಿನಿಂದ ಹಣ್ಣಿನವರೆಗಿನ ಭ್ರೂಣಶಾಸ್ತ್ರದ ಇಂಗ್ಲಿಷ್ ಪಠ್ಯಗ್ರಂಥ 1980ರಲ್ಲಿ ಪ್ರಕಟವಾಯಿತು. ಆ ವರ್ಷದ ನವೆಂಬರ್ 2ರಂದು ಸ್ವಾಮಿಯವರು ತೀರಿಕೊಂಡರು. ಆಗ ಅವರಿಗೆ ಅರವತ್ತೆರಡು ವರ್ಷ.

ಉಲ್ಲೇಖಗಳ ಲೆಕ್ಕ

ಉಲ್ಲೇಖಗಳನ್ನು ಎಣಿಸುವ ಪದ್ಧತಿಗೆ ವ್ಯವಸ್ಥಿತ ರೂಪ ಕೊಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಅವರ 'ಸೈನ್ಸ್ ಸೈಟೇಶನ್ ಇಂಡೆಕ್ಸ್' 1964ರಲ್ಲಿ ಆರಂಭವಾಯಿತು. 2004ರಲ್ಲಿ ಗೂಗಲ್ ಸ್ಕಾಲರ್ ಬಂದ ಮೇಲೆ ಈ ಎಣಿಕೆ ಎಲ್ಲರ ಕೈಗೂ ಸಿಕ್ಕಿತು. 2005ರಲ್ಲಿ ಜಾರ್ಜ್ ಹರ್ಷ್ ಎಂಬ ಭೌತವಿಜ್ಞಾನಿ 'ಎಚ್-ಇಂಡೆಕ್ಸ್' ಎಂಬ ಅಳತೆಯನ್ನು ಸೂಚಿಸಿದರು. ಒಬ್ಬರ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದು, ಹನ್ನೊಂದು ಪ್ರಬಂಧಗಳಿಗೆ ತಲಾ ಹನ್ನೊಂದು ಬಂದಿರದಿದ್ದರೆ ಅವರ ಅಂಕ ಹತ್ತು. ಪತ್ರಿಕೆಗಳಿಗೆ 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಬೇರೆ ಅಳತೆಯಿದೆ. ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟವಾದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂದವು ಎಂಬುದೇ ಅದು.

ಆ ಎರಡು ವರ್ಷ ಎಂಬ ಅವಧಿ ನನ್ನನ್ನು ಹಿಡಿದು ನಿಲ್ಲಿಸಿತು. ಬ್ಯಾಂಕಿನಲ್ಲಿಯೂ ಗ್ರಾಹಕರು ಎರಡು ವರ್ಷಕ್ಕೂ ಮೀರಿ ವಹಿವಾಟು ಮಾಡದ ಉಳಿತಾಯ ಖಾತೆಯನ್ನು ನಿಷ್ಕ್ರಿಯ ಖಾತೆಗಳ ಪಟ್ಟಿಗೆ ಸೇರಿಸುತ್ತೇವೆ. ಹಣ ಅಲ್ಲಿಯೇ ಇರುತ್ತದೆ, ಬಡ್ಡಿಯೂ ಬೆಳೆಯುತ್ತಿರುತ್ತದೆ. ಎಷ್ಟೋ ವರ್ಷಗಳ ಬಳಿಕ ಯಾರೋ ಪಾಸ್‌ಬುಕ್ ಹಿಡಿದುಕೊಂಡು ಬರುತ್ತಾರೆ.

ಅಂಬೊರೆಲ್ಲಾದ ವಿಷಯದಲ್ಲಿ ಪಾಸ್‌ಬುಕ್ ಹಿಡಿದು ಬಂದವರು ಡಿ.ಎನ್.ಎ. ವಿಜ್ಞಾನಿಗಳು. 1999ರಲ್ಲಿ ಹಲವು ತಂಡಗಳು ಬೇರೆಬೇರೆಯಾಗಿ ಸಸ್ಯಗಳ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದು ಬೇರೆಯಾದ ವಂಶದ ಇಂದಿನ ಏಕೈಕ ಪ್ರತಿನಿಧಿ ಅಂಬೊರೆಲ್ಲಾ ಎಂಬ ಫಲಿತಾಂಶ ಬಂತು. ಅದರ ನಂತರ ಕವಲೊಡೆದ ವಂಶಗಳಲ್ಲಿ ಆಸ್ಟ್ರೋಬೇಲಿಯಾದ ವಂಶವೂ ಇತ್ತು. 2013ರಲ್ಲಿ ಅಂಬೊರೆಲ್ಲಾದ ಪೂರ್ಣ ಜೀನೋಮ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ಹಿಂದೆ ಈ ಎರಡು ಗಿಡಗಳನ್ನೂ ಬಿಡಿಸಿ ನೋಡಿ ಬರೆದಿಟ್ಟವರು ಯಾರು ಎಂದು ಹುಡುಕಿದವರಿಗೆ ಸಿಕ್ಕಿದ್ದು ಬೇಲಿ ಮತ್ತು ಸ್ವಾಮಿ ಎಂಬ ಎರಡು ಹೆಸರುಗಳು. 2001ರಲ್ಲಿ ಶರ್ವಿನ್ ಕಾರ್ಲ್‌ಕ್ವಿಸ್ಟ್ ಮತ್ತು ಎಡ್ವರ್ಡ್ ಷ್ನೈಡರ್ ಅಂಬೊರೆಲ್ಲಾದ ಒಳರಚನೆಯನ್ನು ಹೊಸದಾಗಿ ಪರಿಶೀಲಿಸಿದರು. ಅಂತಹ ಮರುಪರಿಶೀಲನೆಗೆ 1948ರ ಆ ಹತ್ತು ಪುಟಗಳೇ ಆರಂಭ.

ಆ ಪ್ರಬಂಧ ಅಲ್ಲಿಯವರೆಗೆ ಪೂರ್ತಿ ಮರೆತುಹೋಗಿತ್ತು ಎಂದೇನೂ ಅಲ್ಲ; ಪ್ರಾಚೀನ ಸಸ್ಯಗಳ ಅಧ್ಯಯನದ ಸಣ್ಣ ವಲಯದಲ್ಲಿ ಅದು ಚಲಾವಣೆಯಲ್ಲಿಯೇ ಇತ್ತು. ಆದರೆ 1950ರಲ್ಲಿ ಎರಡು ವರ್ಷದ ಗಡುವು ಹಾಕಿ ಎಣಿಸಿದ್ದರೆ ಎಷ್ಟು ಸಿಗುತ್ತಿತ್ತು? ನ್ಯೂ ಕ್ಯಾಲೆಡೋನಿಯಾದ ಒಂದು ಮರದ ಬಗ್ಗೆ ಎರಡು ವರ್ಷದೊಳಗೆ ಬರೆಯುವವರು ಎಷ್ಟು ಮಂದಿ ಇದ್ದಾರು? ಬಹುಕಾಲ ಯಾರ ಗಮನಕ್ಕೂ ಬಾರದೆ ಇದ್ದು ಹಠಾತ್ತನೆ ಎಚ್ಚರಗೊಳ್ಳುವ ಪ್ರಬಂಧಗಳನ್ನು ಡಚ್ ವಿದ್ವಾಂಸ ವಾನ್ ರಾನ್ 2004ರಲ್ಲಿ 'ನಿದ್ರಿಸುವ ಸುಂದರಿಯರು' ಎಂದು ಕರೆದರು. ಸಸ್ಯಗಳ ರಚನೆಯನ್ನು ವರ್ಣಿಸುವ ಬರಹಗಳಿಗೆ ಆಯುಷ್ಯ ದೀರ್ಘ. ಅವು ಅವಸರದಲ್ಲಿ ಹಣ್ಣಾಗುವುದೂ ಇಲ್ಲ, ಬೇಗ ಕೊಳೆಯುವುದೂ ಇಲ್ಲ.

ಎಣಿಕೆಯ ಇನ್ನೊಂದು ಮುಖವೂ ಉಂಟು. ಉಲ್ಲೇಖವೆಂದರೆ ಮೆಚ್ಚುಗೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಸ್ವಾಮಿಯವರ ವಿಷಯದಲ್ಲಿ ಎಷ್ಟೋ ಉಲ್ಲೇಖಗಳು ಭಿನ್ನಾಭಿಪ್ರಾಯದ ಉಲ್ಲೇಖಗಳು. ಸಾರ್ಕಾಂಡ್ರಾದಲ್ಲಿ ನಾಳಗಳಿಲ್ಲ ಎಂದು ಸ್ವಾಮಿ ಮತ್ತು ಬೇಲಿ 1950ರಲ್ಲಿ ಬರೆದಿದ್ದರು. 1987ರಲ್ಲಿ ಇದೇ ಕಾರ್ಲ್‌ಕ್ವಿಸ್ಟ್ ಸಾರ್ಕಾಂಡ್ರಾದ ಬೇರಿನ ಮರದಲ್ಲಿ ನಾಳಗಳಿವೆ ಎಂದು ತೋರಿಸಿದರು. ಸಾರ್ಕಾಂಡ್ರಾ ಇರ್ವಿಂಗ್‌ಬೇಲಿಯೈ ಪ್ರತ್ಯೇಕ ಪ್ರಭೇದವೆಂಬುದನ್ನು ನಂತರದ ವರ್ಗೀಕರಣಕಾರರು ಒಪ್ಪಲಿಲ್ಲ. ಮೊದಲೇ ಹೆಸರಿದ್ದ ಪ್ರಭೇದದೊಳಗೆ ಅದನ್ನು ಸೇರಿಸಿದರು. ಮಡಿಸಿದ ಎಲೆಯ ಸಿದ್ಧಾಂತಕ್ಕೂ ಪೆಟ್ಟು ಬಿತ್ತು. ಸ್ವಿಟ್ಜರ್ಲೆಂಡಿನ ಪೀಟರ್ ಎಂಡ್ರೆಸ್ ಮತ್ತು ಆಂಟನ್ ಈಗರ್ಸ್‌ಹೈಮ್ 2000ದ ಸುಮಾರಿಗೆ ಅಂಬೊರೆಲ್ಲಾ ಮೊದಲಾದ ಮೂಲ ಕವಲುಗಳ ಕಾರ್ಪೆಲ್‌ಗಳನ್ನು ವಿವರವಾಗಿ ನೋಡಿದಾಗ, ಅವು ಮಡಿಸಿದ ಎಲೆಗಿಂತ ಹೆಚ್ಚಾಗಿ ಬಾಯಿ ಕಿರಿದಾದ ಗಿಂಡಿಯನ್ನು ಹೋಲುತ್ತಿದ್ದವು. ಅಂಚುಗಳು ಕೂಡಿಕೊಳ್ಳುವ ಬದಲು ಬಾಯಿಯಲ್ಲಿ ಸ್ರವಿಸಿದ ಅಂಟು ದ್ರವ ಅವನ್ನು ಮುಚ್ಚಿತ್ತು. ಡಿಜೆನೇರಿಯಾದ ಬಂಧುಗಳೇ ಅತ್ಯಂತ ಪ್ರಾಚೀನರು ಎಂಬ ಹಳೆಯ ನಂಬಿಕೆಯೂ ಹೀಗೆ ಸಡಿಲವಾಯಿತು.

ಇಷ್ಟಾದರೂ ಬೇಲಿ ಮತ್ತು ಸ್ವಾಮಿಯವರ ಪ್ರಬಂಧಗಳನ್ನು ಬಿಡಲು ಯಾರಿಗೂ ಆಗಲಿಲ್ಲ. ಅವರ ತೀರ್ಮಾನವನ್ನು ಒಪ್ಪದವರಿಗೂ ಅವರು ಕಂಡು ಬರೆದಿಟ್ಟ ಡಿಜೆನೇರಿಯಾದ ಕಾರ್ಪೆಲ್, ಅದರ ಭ್ರೂಣ, ಅಂಬೊರೆಲ್ಲಾದ ನಾಳವಿಲ್ಲದ ಮರ ಬೇಕೇ ಬೇಕಿತ್ತು. ಯಾವ ವಾದಕ್ಕೆ ಅವುಗಳನ್ನು ಬಳಸಬೇಕು ಎಂಬುದು ಕಾಲಕಾಲಕ್ಕೆ ಬದಲಾಯಿತು. ಕಂಡ ಸಂಗತಿ ಹಾಗೆಯೇ ಉಳಿಯಿತು. ಉಲ್ಲೇಖದ ಯಂತ್ರಕ್ಕೆ ಈ ಭೇದ ತಿಳಿಯದು. ಒಪ್ಪಿದವನೂ ಒಂದು, ಒಪ್ಪದವನೂ ಒಂದು, ಮುನ್ನುಡಿಯಲ್ಲಿ ಸಾಲಾಗಿ ಹತ್ತು ಹೆಸರು ಪೋಣಿಸುವಾಗ ಸು‌ಮ್ಮನೆ ಸೇರಿಸಿದವನೂ ಒಂದು.

ಹೆಸರಿನ ತೊಡಕೂ ಕಡಿಮೆಯಲ್ಲ. ಸೂಚಿಗಳಲ್ಲಿ ಅವರು 'ಸ್ವಾಮಿ ಬಿ.ಜಿ.ಎಲ್.' ಆಗುತ್ತಾರೆ; ದಕ್ಷಿಣ ಭಾರತದಲ್ಲಿ ಸ್ವಾಮಿ ಎಂಬ ಹೆಸರಿನ ವಿಜ್ಞಾನಿಗಳಿಗೆ ಕೊರತೆಯಿಲ್ಲ. ಊರು, ತಂದೆ, ತಾನು ಎಂದು ಮೂರನ್ನೂ ಇನಿಷಿಯಲ್‌ನಲ್ಲಿ ತುಂಬುವ ನಮ್ಮ ಪದ್ಧತಿಗೂ ಅಮೆರಿಕದ ಗಣಕಕ್ಕೂ ಹೊಂದಾಣಿಕೆ ಸುಲಭವಲ್ಲ ಎಂಬುದು ಪಾಸ್‌ಪೋರ್ಟ್ ಮಾಡಿಸಿದ ಎಲ್ಲರ ಅನುಭವ. ಅವರು ನಾಮಕರಣ ಮಾಡಿದ ಸಸ್ಯಗಳ ವೈಜ್ಞಾನಿಕ ಹೆಸರಿನ ಕೊನೆಗೆ 'ಸ್ವಾಮಿ' ಎಂದು ಬರೆಯುವುದು ಸಸ್ಯಶಾಸ್ತ್ರದ ನಿಯಮ. ಈ ಉಲ್ಲೇಖವನ್ನೂ ಸೂಚಿಗಳು ಎಣಿಸುವುದಿಲ್ಲ.

ಎಣಿಕೆಗೆ ಸಿಗದ ಬರಹ

ಮದರಾಸಿನ ವರ್ಷಗಳ ಅತಿ ದೊಡ್ಡ ಫಲವಂತೂ ಈ ಲೆಕ್ಕದಿಂದ ಪೂರ್ತಿ ಹೊರಗೆ ಉಳಿಯುತ್ತದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮಘಟ್ಟಗಳಲ್ಲಿ ಸಸ್ಯಸಂಗ್ರಹಕ್ಕೆ ಅಲೆದ ಅನುಭವವನ್ನು ಸ್ವಾಮಿಯವರು 'ಹಸುರು ಹೊನ್ನು'ವಿನಲ್ಲಿ ತಾವೇ ಬರೆದ ರೇಖಾಚಿತ್ರಗಳೊಡನೆ ಕೊಟ್ಟರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿ.ವಿ.ಜಿ.ಯವರಿಗೆ 1967ರಲ್ಲೇ ಈ ಪ್ರಶಸ್ತಿ ಸಂದಿತ್ತು. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿಗಳು ಕಡಲು ದಾಟಿ ಬಂದ ಕಥೆಯನ್ನು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಹೇಳುತ್ತದೆ. 'ಶಾಸನಗಳಲ್ಲಿ ಗಿಡಮರಗಳು' ಎಂಬ ಕೃತಿಯಲ್ಲಿ ಸಸ್ಯವಿಜ್ಞಾನಿ ಮತ್ತು ಶಾಸನ ಓದುಗ ಒಂದಾಗುತ್ತಾರೆ. ಹಳೆಯ ದಾನಶಾಸನವೊಂದು ಊರಿನ ಎಲ್ಲೆಗೆ ಯಾವ ಮರವನ್ನು ಹೆಸರಿಸಿದೆ ಎಂದು ಕೇಳಲು ಎರಡು ವಿದ್ಯೆಯೂ ಬೇಕಲ್ಲ.

ಇವುಗಳನ್ನು ಬರಿಯ ಜನಪ್ರಿಯ ಬರಹ ಎಂದು ಬದಿಗಿಡುವುದು ನನಗೆ ಸರಿಯೆನಿಸುವುದಿಲ್ಲ. ಆರ್ಕಿಡ್ಡಿನ ಭ್ರೂಣವನ್ನು ನೋಡಿದ ಅದೇ ಕಣ್ಣು ಇಲ್ಲಿಯೂ ಕೆಲಸ ಮಾಡಿದೆ; ಜೊತೆಗೆ ಇಂಗ್ಲಿಷ್ ಪ್ರಬಂಧಗಳಲ್ಲಿ ಅವಕಾಶವಿರದ ನಗುವೂ ಸೇರಿದೆ. ಗಿಡವೊಂದರ ಲ್ಯಾಟಿನ್ ಹೆಸರು, ಊರವರು ಅದನ್ನು ಕರೆಯುವ ಬಗೆ, ಅದರ ಕಾಯಿಯನ್ನು ಏನು ಮಾಡಿ ತಿನ್ನುತ್ತಾರೆ ಎಂಬುದು ಒಂದೇ ಪುಟದಲ್ಲಿ ಬರುವ ಬರಹ ಕನ್ನಡದಲ್ಲಿ ಅದಕ್ಕೆ ಮೊದಲು ಹೆಚ್ಚಾಗಿ ಇರಲಿಲ್ಲ. ಇದನ್ನು ಓದಿ ದಾರಿಬದಿಯ ಗಿಡದ ಮುಂದೆ ನಿಂತವರ ಸಂಖ್ಯೆಯನ್ನು ಯಾವ ಸೂಚಿಯೂ ಕೊಡಲಾರದು.

ಆಸಕ್ತರಿಗೆ, ವಿಶೇಷವಾಗಿ ಸಸ್ಯಶಾಸ್ತ್ರ ಓದುತ್ತಿರುವ ನಮ್ಮ ಮನೆಗಳ ಯುವಕಯುವತಿಯರಿಗೆ ಒಂದು ಮಾತು. 'ಜರ್ನಲ್ ಆಫ್ ದಿ ಆರ್ನಾಲ್ಡ್ ಆರ್ಬೊರೀಟಂ' ಪತ್ರಿಕೆಯ ಹಳೆಯ ಸಂಪುಟಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರಜಾಲ ಗ್ರಂಥಾಲಯದಲ್ಲಿ ಉಚಿತವಾಗಿ ದೊರೆಯುತ್ತವೆ. ಅಂಬೊರೆಲ್ಲಾ 29ನೆಯ ಸಂಪುಟದಲ್ಲಿದೆ, ಡಿಜೆನೇರಿಯಾ 30ರಲ್ಲಿ, ಕ್ಲೋರಾಂಥೇಸಿ 34ರಲ್ಲಿ. ಹುಡುಕುವಾಗ ಸ್ವಾಮಿಯವರ ಹೆಸರನ್ನು ಮಾತ್ರ ಕೊಟ್ಟರೆ ಸಾಲದು, ಬೇಲಿಯವರ ಹೆಸರನ್ನೂ ಕೊಡಿ. ಪಠ್ಯ ಕಷ್ಟವೆನಿಸಿದರೆ ಮೊದಲು ಚಿತ್ರಗಳನ್ನು ನೋಡಿ, ಆಮೇಲೆ 'ಹಸುರು ಹೊನ್ನು'ವಿನ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ.